ಹೊಳೆಯಾಚೆ ಬೇರೆ ಸರ್ಕಾರ: ಹರಿಹರ ಸೀಮೆಯ ಗಡಿಗಳು, ಪಂಚಾಯಿತಿಗಳು

ಹರಿಹರದಲ್ಲಿ ತುಂಗಭದ್ರೆಯ ದಂಡೆಗೆ ನಿಂತರೆ ಎದುರಿಗೆ ಕುಮಾರಪಟ್ಟಣ. ನಡೆದೇ ಹೋಗಿ ಬರುವಷ್ಟು ಹತ್ತಿರ. ಆದರೆ ಅದು ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ. ಈ ದಂಡೆ ಹರಿಹರ ತಾಲ್ಲೂಕು, ದಾವಣಗೆರೆ ಜಿಲ್ಲೆ. ಈಗ ಅದು ಬರೀ ಜಿಲ್ಲೆಯ ಗಡಿ. 1956ರ ಅಕ್ಟೋಬರ್ 31ರ ರಾತ್ರಿವರೆಗೂ ಅದು ರಾಜ್ಯದ ಗಡಿಯಾಗಿತ್ತು. ಈ ಕಡೆ ಮೈಸೂರು, ಆ ಕಡೆ ಮುಂಬಯಿ. ಇನ್ನು ಹೊಳೆಗುಂಟ ಕೆಳಕ್ಕೆ ಹೋದರೆ ಬಲದಂಡೆಯಲ್ಲೇ ಹರಪನಹಳ್ಳಿ ಸೀಮೆ. 1953ರವರೆಗೆ ಅದು ಮದ್ರಾಸಿಗೆ ಸೇರಿತ್ತು.

ಅಂದರೆ ನಮ್ಮ ಅಜ್ಜಂದಿರ ಕಾಲದಲ್ಲಿ ಹರಿಹರದ ಸುತ್ತ ಮೂರು ಸರ್ಕಾರಗಳಿದ್ದವು. ಹೆಣ್ಣು ಕೊಡುವುದು ತರುವುದು ಆಚೀಚೆ ನಡೆಯುತ್ತಿತ್ತು, ಸಂತೆ ಜಾತ್ರೆಗೆ ಜನ ಹೊಳೆ ದಾಟುತ್ತಿದ್ದರು. ಮಾತು ಒಂದೇ, ರೊಟ್ಟಿ ಒಂದೇ. ಕಂದಾಯ ಕಟ್ಟುವ ಕಚೇರಿ ಮಾತ್ರ ಬೇರೆ ಬೇರೆ.

ಪಂಚಾಯಿತಿ, ತಾಲ್ಲೂಕು, ಜಿಲ್ಲೆ ಅನ್ನುವುದನ್ನು ನಾವು ಹೊಳೆ ಗುಡ್ಡದ ಹಾಗೆ ಮೊದಲಿನಿಂದ ಇದ್ದದ್ದು ಅಂದುಕೊಂಡುಬಿಡುತ್ತೇವೆ. ಹಾಗಿಲ್ಲ. ನಮ್ಮ ಊರುಗಳು ಇದ್ದಲ್ಲೇ ಇವೆ. ಕಚೇರಿಗಳು ಓಡಾಡಿವೆ. ಯಾರ ಅನುಕೂಲಕ್ಕೆ ಓಡಾಡಿದವು, ಓಡಾಡುವ ಮೊದಲು ಊರಿನವರನ್ನು ಕೇಳಿದರಾ ಎಂಬುದನ್ನು ನೋಡೋಣ ಎಂದು ಇದನ್ನು ಬರೆಯುತ್ತಿದ್ದೇವೆ.

ಕೂಡಲೂರಿನ ಮಹಾಜನರು

ಸೂಳೆಕೆರೆಯಿಂದ ಹರಿದು ಬರುವ ಹರಿದ್ರಾ ಹಳ್ಳ ಹರಿಹರದಲ್ಲಿ ತುಂಗಭದ್ರೆಗೆ ಸೇರುತ್ತದೆ. ಎರಡು ನೀರು ಕೂಡುವ ಜಾಗವಾದ್ದರಿಂದ ಊರಿಗೆ ಹಿಂದೆ ಕೂಡಲೂರು ಎಂಬ ಹೆಸರಿತ್ತು. ಈಗ ನಾವು ನೋಡುವ ಹರಿಹರೇಶ್ವರ ಗುಡಿಯನ್ನು 1224ರ ಸುಮಾರಿಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಊರು ಅಗ್ರಹಾರವಾಗಿತ್ತು. ಅಗ್ರಹಾರದ ಆಡಳಿತ ಮಹಾಜನರ ಕೈಯಲ್ಲಿ ಇರುತ್ತಿತ್ತು. ಭೂಮಿ, ಕೆರೆ, ಗುಡಿಯ ದತ್ತಿ ಎಲ್ಲದಕ್ಕೂ ಅವರೇ ಕೂತು ತೀರ್ಮಾನ ಮಾಡುತ್ತಿದ್ದರು.

'ನಮ್ಮಲ್ಲಿ ಪ್ರಜಾಪ್ರಭುತ್ವ ಸಾವಿರ ವರ್ಷದಿಂದ ಇದೆ' ಎಂದು ಭಾಷಣ ಮಾಡುವವರು ಇಂಥದ್ದನ್ನೇ ತೋರಿಸುತ್ತಾರೆ. ಸಭೆ ಇತ್ತು ನಿಜ. ಆದರೆ ಗದ್ದೆಯಲ್ಲಿ ದುಡಿಯುವವರು, ಕೆರೆಯ ಹೂಳು ಹೊತ್ತವರು, ಹೆಂಗಸರು ಯಾರೂ ಆ ಸಭೆಯಲ್ಲಿ ಇರಲಿಲ್ಲ. ಅವರು ಸಭೆಯೊಳಗೆ ಬರಲು ಇನ್ನೂ 700 ವರ್ಷಕ್ಕೂ ಹೆಚ್ಚು ಬೇಕಾಯಿತು.

ನಡುವಿನ ಕಾಲ ಬರೀ ದಂಡಯಾತ್ರೆಗಳದ್ದು. ವಿಜಯನಗರ ಬಿದ್ದ ಮೇಲೆ ಬಿದನೂರಿನವರು, ಸವಣೂರಿನವರು, ಹೈದರ್ ಅಲಿ, ಮರಾಠರು ಸರದಿಯಂತೆ ಬಂದು ಹೋದರು. ಹೊಳೆ ದಾಟುವ ಜಾಗ ಯಾರ ಕೈಯಲ್ಲಿದೆಯೋ ಅವರಿಗೆ ದಾರಿ ಸಿಗುತ್ತಿತ್ತು, ಅದಕ್ಕೇ ಈ ಊರಿನ ಮೇಲೆ ಎಲ್ಲರ ಕಣ್ಣು. 1799ರಲ್ಲಿ ಟಿಪ್ಪು ಬಿದ್ದ ಮೇಲೆ, 1818ರಲ್ಲಿ ಪೇಶ್ವೆ ಸೋತ ಮೇಲೆ ಗಡಿ ಗಟ್ಟಿಯಾಯಿತು: ಹೊಳೆಯ ದಕ್ಷಿಣಕ್ಕೆ ಮೈಸೂರು, ಉತ್ತರಕ್ಕೆ ಬ್ರಿಟಿಷರ ಧಾರವಾಡ. 1868ರಲ್ಲಿ 14 ಕಮಾನಿನ ಸೇತುವೆ ಆಯಿತು. ಗಾಡಿಗಳು ಸಲೀಸಾಗಿ ದಾಟಿದವು. ಗಡಿ ಮಾತ್ರ ಇನ್ನೂ 88 ವರ್ಷ ಹೊಳೆಯಲ್ಲೇ ಇತ್ತು.

ಶಾನುಭೋಗ, ಕುಲಕರ್ಣಿ, ಕರಣಂ

ಮೂರು ಸರ್ಕಾರ ಅಂದರೆ ಹಳ್ಳಿಯವನಿಗೆ ಏನು ವ್ಯತ್ಯಾಸ? ಮೊದಲನೆಯದು ಲೆಕ್ಕ ಬರೆಯುವವನ ಹೆಸರು. ನಮ್ಮ ಮೈಸೂರು ಕಡೆ ಪಟೇಲ ಮತ್ತು ಶಾನುಭೋಗ. ಹೊಳೆಯಾಚೆ ಗೌಡ ಮತ್ತು ಕುಲಕರ್ಣಿ. ಮದ್ರಾಸ್ ಕಡೆ ಕರಣಂ. ಕೈಕೆಳಗೆ ತಳವಾರ, ತೋಟಿ. ಕೆರೆ ಇದ್ದಲ್ಲಿ ತೂಬು ಎತ್ತಿ ಗದ್ದೆಗೆ ನೀರು ಬಿಡಲು ನೀರಗಂಟಿ. ಇವೆಲ್ಲ ಅಪ್ಪನಿಂದ ಮಗನಿಗೆ ಬರುವ ಹುದ್ದೆಗಳು. ಸರ್ಕಾರ ಎಂದರೆ ಜನರ ಪಾಲಿಗೆ ಆ ಎರಡು ಮನೆಗಳೇ. ಪಹಣಿಯಲ್ಲಿ ಯಾರ ಹೆಸರು ಕೂತಿದೆ ಎಂಬುದು ಶಾನುಭೋಗರ ಪೆಟ್ಟಿಗೆಗೆ ಬಿಟ್ಟರೆ ಯಾರಿಗೂ ಗೊತ್ತಿರುತ್ತಿರಲಿಲ್ಲ.

1961ರಲ್ಲಿ ಮೈಸೂರು ಸರ್ಕಾರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ತಂದಿತು, 1963ರಲ್ಲಿ ಅದು ಜಾರಿಗೆ ಬಂತು. ವಂಶಪಾರಂಪರ್ಯ ಹೋಗಿ, ಸಂಬಳದ ಗ್ರಾಮಲೆಕ್ಕಿಗ ಬಂದ. ಈಚೆಗೆ ಅವರ ಹುದ್ದೆಯ ಹೆಸರು ಗ್ರಾಮ ಆಡಳಿತ ಅಧಿಕಾರಿ ಎಂದಾಗಿದೆ. ಹೆಸರು ಎಷ್ಟು ಬದಲಾದರೂ ನಮ್ಮ ಕಡೆ ಹಿರಿಯರು ಇನ್ನೂ 'ಶಾನುಭೋಗ್ರು ಬಂದಾರೇನು ನೋಡು' ಅನ್ನುವುದು ಬಿಟ್ಟಿಲ್ಲ.

ಎರಡನೆಯದು ಪಂಚಾಯಿತಿ ಕಾನೂನು. ಮೈಸೂರಿನಲ್ಲಿ 1926ರ ಗ್ರಾಮ ಪಂಚಾಯಿತಿ ಕಾಯ್ದೆ. ಮುಂಬಯಿ, ಮದ್ರಾಸಿಗೆ ಅವರವರದೇ ಕಾಯ್ದೆಗಳು. ಏಕೀಕರಣವಾದಾಗ ಹೈದರಾಬಾದ್ ಮತ್ತು ಕೊಡಗಿನದೂ ಸೇರಿ ಒಂದೇ ರಾಜ್ಯದಲ್ಲಿ ಐದು ಬಗೆಯ ಪಂಚಾಯಿತಿ ಕಾನೂನುಗಳಾದವು. ಹರಿಹರದ ಪಂಚಾಯಿತಿಗೆ ಒಂದು ನಿಯಮ, ಸೇತುವೆ ದಾಟಿದರೆ ಇನ್ನೊಂದು. ಇದನ್ನು ಒಂದಾಗಿಸಿದ್ದು 1959ರ ಮೈಸೂರು ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆ. ಏಕೀಕರಣ ಎಂದರೆ ನಾವು ನವೆಂಬರ್ 1ರ ಬಾವುಟವನ್ನು ನೆನೆಯುತ್ತೇವೆ. ಹಳ್ಳಿಯ ಮಟ್ಟಿಗೆ ಏಕೀಕರಣ ಆದದ್ದು ಈ ಕಾಯ್ದೆಯಿಂದ ಎಂಬುದು ನಮ್ಮ ಅನಿಸಿಕೆ.

ಆ ಕಾಯ್ದೆಯಲ್ಲಿ ಊರಿಗೆ ಪಂಚಾಯಿತಿ, ತಾಲ್ಲೂಕಿಗೆ ತಾಲ್ಲೂಕು ಅಭಿವೃದ್ಧಿ ಮಂಡಳಿ, ಜಿಲ್ಲೆಗೆ ಅಭಿವೃದ್ಧಿ ಪರಿಷತ್ತು. ಮೇಲಿನದಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷ. ಸಲಹೆ ಕೊಡಬಹುದಿತ್ತು, ಅಷ್ಟೇ.

ವಿನೋಬರ ಹೆಸರಿನ ಬಡಾವಣೆ

ನಮ್ಮ ಗುಂಪಿನ ಕೆಲವರು ಸುದ್ದಿ ಬರೆದು ಕಳಿಸುವುದು ದಾವಣಗೆರೆಯ ವಿನೋಬನಗರದಿಂದ. ವಿಳಾಸದಲ್ಲಿ ದಿನಾ ಬರೆಯುವ ಹೆಸರು, ಹೆಸರಿನ ಹಿಂದಿನ ಮನುಷ್ಯನ ನೆನಪು ಬರುವುದು ಅಪರೂಪ. ವಿನೋಬಾ ಭಾವೆ 1951ರಲ್ಲಿ ತೆಲಂಗಾಣದ ಪೋಚಂಪಲ್ಲಿಯಿಂದ ಭೂದಾನ ಶುರುಮಾಡಿ ಹಳ್ಳಿ ಹಳ್ಳಿ ನಡೆದವರು. ಆಮೇಲೆ ಅದು ಗ್ರಾಮದಾನವಾಯಿತು: ಜಮೀನಿನ ಒಡೆತನ ಒಬ್ಬೊಬ್ಬರದ್ದಲ್ಲ, ಇಡೀ ಊರಿನ ಸಭೆಯದ್ದು, ಸಭೆಯಲ್ಲಿ ತೀರ್ಮಾನ ಎಲ್ಲರ ಒಪ್ಪಿಗೆಯಿಂದ.

1957ರ ಸೆಪ್ಟೆಂಬರಿನಲ್ಲಿ ಮೈಸೂರು ಹತ್ತಿರದ ಯಲವಾಲದಲ್ಲಿ ಗ್ರಾಮದಾನದ ಬಗ್ಗೆ ದೊಡ್ಡ ಸಮಾವೇಶ ನಡೆಯಿತು. ಪ್ರಧಾನಿ ನೆಹರೂ ಸೇರಿದಂತೆ ಎಲ್ಲ ಪಕ್ಷದ ನಾಯಕರು ಬಂದಿದ್ದರು. ಎರಡೇ ತಿಂಗಳಿಗೆ, ನವೆಂಬರಿನಲ್ಲಿ, ದೆಹಲಿಯಲ್ಲಿ ಬಲವಂತರಾಯ್ ಮೆಹ್ತಾ ಸಮಿತಿ ವರದಿ ಕೊಟ್ಟು ಮೂರು ಹಂತದ ಪಂಚಾಯಿತಿ ಬೇಕೆಂದಿತು. ಒಂದು ದಾರಿ ಊರಿನಿಂದ ಮೇಲಕ್ಕೆ, ಇನ್ನೊಂದು ಮೇಲಿನಿಂದ ಊರಿಗೆ. ದೇಶ ಎರಡನೆಯದನ್ನು ಹಿಡಿಯಿತು. ಊರೇ ಊರನ್ನು ಆಳಬೇಕು ಎಂದವರ ಹೆಸರು ನಗರದ ಬಡಾವಣೆಗಳಿಗೆ ಉಳಿಯಿತು. ಆ ಬಡಾವಣೆಗಳಲ್ಲಿ ಗ್ರಾಮಸಭೆ ಇಲ್ಲ.

ಐದು ವರ್ಷದ ಹಬ್ಬ

ಮೇಲಿನಿಂದ ಕೊಟ್ಟದ್ದೇ ಆದರೂ ಒಮ್ಮೆ ಕೈ ಬಿಚ್ಚಿ ಕೊಟ್ಟದ್ದೂ ಉಂಟು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿ. ಊರೂರಿಗೆ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಎನಿಸಿಕೊಂಡ ಆತನೇ. 1983ರ ಕಾಯ್ದೆಗೆ ರಾಷ್ಟ್ರಪತಿ ಅಂಕಿತ ಬೀಳಲು ಎರಡು ವರ್ಷ ಹಿಡಿಯಿತು, 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಅವರ ಕೈಕೆಳಗೆ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಪ್ರತಿ ನಾಲ್ಕು ಸ್ಥಾನಕ್ಕೆ ಒಂದು ಹೆಂಗಸರಿಗೆ. ಇಡೀ ದೇಶದಲ್ಲಿ ಆಗ ಹೀಗೆ ಮಾಡಿದ ರಾಜ್ಯ ಇನ್ನೊಂದಿರಲಿಲ್ಲ.

ನಿಮ್ಮೂರಲ್ಲಿ ಮಂಡಲ ಪ್ರಧಾನರಾಗಿದ್ದವರು ಯಾರಾದರೂ ಇದ್ದರೆ ಹೋಗಿ ಮಾತಾಡಿಸಿ. ಶಾಲೆಗೆ ಮೇಷ್ಟ್ರು ಬರುತ್ತಾರೋ ಇಲ್ಲವೋ ಎಂದು ಊರವರೇ ಕೇಳುವ ದಿನ ಅದು. ನಜೀರ್ ಸಾಬ್ 1988ರ ಅಕ್ಟೋಬರಿನಲ್ಲಿ ತೀರಿಹೋದರು. 1992ರಲ್ಲಿ ಅವಧಿ ಮುಗಿದಾಗ ಹೊಸ ಚುನಾವಣೆ ಮಾಡಲಿಲ್ಲ, ಆಡಳಿತಾಧಿಕಾರಿಗಳು ಬಂದರು.

ಹೀಗೆ ಯಾರೋ ಕೊಟ್ಟದ್ದನ್ನು ಇನ್ಯಾರೋ ಕಸಿಯಬಾರದು ಎಂದೇ ಸಂವಿಧಾನಕ್ಕೆ 73ನೇ ತಿದ್ದುಪಡಿ ಬಂತು. 1993ರ ಏಪ್ರಿಲ್ 24ಕ್ಕೆ ಜಾರಿ. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ನಡೆಸಬೇಕು ಎಂದು 243ಇ ವಿಧಿಯಲ್ಲಿ ಬರೆದಿದೆ. ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆ ಅದೇ ವರ್ಷ ಮೇ ತಿಂಗಳಲ್ಲಿ ಬಂತು. ಮಂಡಲ ಹೋಗಿ ಗ್ರಾಮ ಪಂಚಾಯಿತಿ ಆಯಿತು. ಸುಮಾರು 400 ಜನಕ್ಕೆ ಒಬ್ಬ ಸದಸ್ಯ. 2010ರಲ್ಲಿ ಹೆಂಗಸರ ಪಾಲು ಅರ್ಧಕ್ಕೆ ಏರಿತು.

ಜಿಲ್ಲೆ ಬದಲಾಯಿತು, ಬಸ್ಸು ಬದಲಾಯಿತು

1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆಯಾಯಿತು. ಆ ವರ್ಷ ಹುಟ್ಟಿದ ಏಳು ಜಿಲ್ಲೆಗಳಲ್ಲಿ ಇದೊಂದು. ಮುಖ್ಯಮಂತ್ರಿ ಜೆ.ಎಚ್. ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು ಬಂದವು. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ. ಬಳ್ಳಾರಿಯಿಂದ ಹರಪನಹಳ್ಳಿ. ಹರಿಹರದವರಿಗೆ ಲಾಭವಾಯಿತು, ದುರ್ಗದವರೆಗೆ ಹೋಗುವುದು ತಪ್ಪಿ ಪಕ್ಕದೂರಿನಲ್ಲೇ ಜಿಲ್ಲಾ ಕಚೇರಿ ಸಿಕ್ಕಿತು. ಹೊನ್ನಾಳಿಯವರಿಗೆ ಅಂಥ ಸಂಭ್ರಮ ಇರಲಿಲ್ಲ, ಅವರ ಆಸ್ಪತ್ರೆ, ಕಾಲೇಜು, ನೆಂಟಸ್ತಿಕೆ ಎಲ್ಲ ಶಿವಮೊಗ್ಗದ ಕಡೆ. ಆ ತಾಲ್ಲೂಕಿನಿಂದಲೇ ಮುಂದೆ ನ್ಯಾಮತಿ ಬೇರೆ ತಾಲ್ಲೂಕಾಯಿತು.

ಎಲ್ಲಕ್ಕಿಂತ ಹೆಚ್ಚು ಅಲೆದದ್ದು ಹರಪನಹಳ್ಳಿ. ಮದ್ರಾಸಿನಿಂದ 1953ರಲ್ಲಿ ಮೈಸೂರಿಗೆ, 1997ರಲ್ಲಿ ದಾವಣಗೆರೆ ಜಿಲ್ಲೆಗೆ. ಆಮೇಲೆ ಸಂವಿಧಾನದ 371ಜೆ ವಿಧಿಯಡಿ ಬಳ್ಳಾರಿ ಸೇರಿದಂತೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಉದ್ಯೋಗ, ಸೀಟುಗಳಲ್ಲಿ ಮೀಸಲು ಬಂತು. ನಮ್ಮನ್ನು ವಾಪಸ್ ಸೇರಿಸಿ ಎಂದು ಹರಪನಹಳ್ಳಿಯವರು ಹೋರಾಡಿದರು. 2018ರಲ್ಲಿ ಬಳ್ಳಾರಿಗೆ ಸೇರಿದರು. 2021ರಲ್ಲಿ ಬಳ್ಳಾರಿಯೇ ಒಡೆದು ವಿಜಯನಗರ ಜಿಲ್ಲೆಯಾಯಿತು, ತಾಲ್ಲೂಕು ಅಲ್ಲಿಗೆ ಹೋಯಿತು. ಒಬ್ಬ ಮನುಷ್ಯ ಒಂದೇ ಮನೆಯಲ್ಲಿ ಕೂತು ಎರಡು ರಾಜ್ಯ, ಮೂರು ಜಿಲ್ಲೆ ಕಂಡ. ಇಷ್ಟರಲ್ಲಿ ಜನರೇ ಕೇಳಿ ಪಡೆದ ಬದಲಾವಣೆ ಎಂದು ನಾವು ಹೇಳಬಹುದಾದದ್ದು 2018ರದ್ದು.

ಹೊಳೆಗೆ ಈ ಯಾವ ಗಡಿಯೂ ಗೊತ್ತಿಲ್ಲ. 1972ರಲ್ಲಿ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಶುರುವಾಯಿತು. ಹೆಸರು ಹರಿಹರದ್ದು, ನೆಲ ಧಾರವಾಡ ಜಿಲ್ಲೆಯದ್ದು. 80ರ ದಶಕದಲ್ಲಿ ಮೀನು ಸಾಯುತ್ತಿವೆ, ನೀರು ಕುಡಿಯಲು ಬರುವುದಿಲ್ಲ ಎಂದು ಕೆಳಗಿನ ಹಳ್ಳಿಗಳವರು ದನಿ ಎತ್ತಿದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಜೊತೆಗೆ ನಿಂತಿತು. ನೀರಿನ ಜೊತೆ ನೆಲದ ಪ್ರಶ್ನೆಯೂ ಎದ್ದಿತು. ಕಾರ್ಖಾನೆಗೆ ನೀಲಗಿರಿ ಬೆಳೆಯಲೆಂದು ಸರ್ಕಾರ ಮತ್ತು ಕಂಪನಿ ಸೇರಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆ ಮಾಡಿದವು. ಊರ ದನ ಮೇಯುವ ಜಾಗಗಳು ಅದಕ್ಕೆ ಹೋದವು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ಎಂದು ಅದಕ್ಕೆ ಹೆಸರು. 1991ರಲ್ಲಿ ಆ ಸಂಸ್ಥೆಯನ್ನು ಮುಚ್ಚಬೇಕಾಯಿತು. ಮಂಡಲ ಪಂಚಾಯಿತಿಗಳು ಜೋರಾಗಿದ್ದ ಕಾಲವೇ ಅದು, ಆದರೂ ಊರ ಮುಂದಿನ ಗೋಮಾಳ ಯಾರದು ಎಂಬುದು ಬೀದಿಯಲ್ಲೇ ತೀರ್ಮಾನವಾಗಬೇಕಾಯಿತು.

ಹಳ್ಳಿ ಪಟ್ಟಣವಾದರೆ

ಈಗ ನಮ್ಮ ತಾಲ್ಲೂಕಿನ ಮಲೇಬೆನ್ನೂರಿಗೆ ಬರೋಣ. ಹರಿಹರದಿಂದ ಹೊನ್ನಾಳಿ ಕಡೆ ಹೋಗುವ ರಸ್ತೆಯಲ್ಲಿ ಸಿಗುವ ಹೋಬಳಿ ಊರು. ಭದ್ರಾ ಬಲದಂಡೆ ನಾಲೆಯ ಒಂದು ಶಾಖೆಗೆ ಈ ಊರಿನದೇ ಹೆಸರು. ಸುತ್ತ ಕಣ್ಣು ಹಾಯಿಸಿದಷ್ಟೂ ಭತ್ತ. ಒಂದು ಕಾಲದಲ್ಲಿ ಪಂಚಾಯಿತಿಯಾಗಿದ್ದ ಈ ಊರು ಇಂದು ಪುರಸಭೆ.

ಊರನ್ನು ಯಾವಾಗ ಪಟ್ಟಣ ಎನ್ನಬೇಕು ಎಂದು 1964ರ ಪೌರಸಭೆಗಳ ಕಾಯ್ದೆ ಹೇಳುತ್ತದೆ. 10 ಸಾವಿರದಿಂದ 20 ಸಾವಿರ ಜನ ಇದ್ದರೆ ಪಟ್ಟಣ ಪಂಚಾಯಿತಿ, 50 ಸಾವಿರದವರೆಗೆ ಪುರಸಭೆ, 3 ಲಕ್ಷದವರೆಗೆ ನಗರಸಭೆ, ಅದಕ್ಕೂ ಮೇಲೆ ಮಹಾನಗರ ಪಾಲಿಕೆ. ದುಡಿಯುವವರಲ್ಲಿ ಅರ್ಧದಷ್ಟಾದರೂ ಜನ ಕೃಷಿ ಬಿಟ್ಟು ಬೇರೆ ಕೆಲಸದಲ್ಲಿರಬೇಕು ಎಂದೂ ಇದೆ. ಹಾಗಾಗಿ ಹರಿಹರ ನಗರಸಭೆ, ದಾವಣಗೆರೆ 2007ರಿಂದ ಮಹಾನಗರ ಪಾಲಿಕೆ.

'ಮೇಲ್ದರ್ಜೆಗೆ ಏರಿತು' ಎಂದು ನಾವೇ ಸುದ್ದಿಯಲ್ಲಿ ಬರೆಯುತ್ತೇವೆ. ಏರಿದ ಮೇಲೆ ಸಿಗುವುದೇನು? ಬೀದಿದೀಪ, ಚರಂಡಿ, ಕಸದ ಗಾಡಿ, ನಗರ ಯೋಜನೆಗಳ ಅನುದಾನ. ಇವು ಸಣ್ಣವಲ್ಲ. ಊರು ಬೆಳೆದ ಮೇಲೆ ಗ್ರಾಮ ಪಂಚಾಯಿತಿಯ ಕೈಯಲ್ಲಿ ಅಷ್ಟು ಕಸ ಎತ್ತಲು ಆಗುವುದಿಲ್ಲ. ಪಿಡಿಒ ಜಾಗದಲ್ಲಿ ಮುಖ್ಯಾಧಿಕಾರಿ ಬರುತ್ತಾರೆ, ಫಾರಂ 9, 11 ಹೋಗಿ ಪಟ್ಟಣದ ಖಾತೆ ಬರುತ್ತದೆ, ಮನೆ ಕಂದಾಯ ಏರುತ್ತದೆ.

ಹೋಗುವುದನ್ನು ಯಾರೂ ಫ್ಲೆಕ್ಸ್‌ನಲ್ಲಿ ಹಾಕುವುದಿಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆ ಬಂದದ್ದು ಗ್ರಾಮೀಣ ಪ್ರದೇಶಕ್ಕೆ ಮಾತ್ರ. ಪಟ್ಟಣವಾದ ದಿನ ಜಾಬ್ ಕಾರ್ಡಿನ ಬಲ ಹೋಯಿತು. ಭತ್ತದ ನಾಟಿಗೆ, ಕೊಯ್ಲಿಗೆ ಹೋಗುವ ಹೆಂಗಸು ಮೊದಲಿನಂತೆಯೇ ಗದ್ದೆಗೆ ಹೋಗುತ್ತಾಳೆ. ಕಾಗದದಲ್ಲಿ ಮಾತ್ರ ಅವಳು ಪಟ್ಟಣದವಳು.

ಎರಡನೆಯದು ಗ್ರಾಮಸಭೆ. ನಮ್ಮ ಪ್ರಕಾರ ದೊಡ್ಡ ನಷ್ಟ ಇದೇ. ಗ್ರಾಮ ಪಂಚಾಯಿತಿಯಲ್ಲಿ ಪ್ರತಿ ಮತದಾರನೂ ಗ್ರಾಮಸಭೆಯ ಸದಸ್ಯ. ಯಾರ ಕರೆಯೂ ಬೇಕಿಲ್ಲ, ಹೋಗಿ ಕೂತು 'ಈ ಮನೆ ಯಾರಿಗೆ ಮಂಜೂರಾಯ್ತು, ಯಾಕೆ?' ಎಂದು ಕೇಳುವ ಹಕ್ಕಿದೆ. ಪುರಸಭೆಯ ಸಭೆ ಸದಸ್ಯರದ್ದು, ನಾವು ಹೊರಗಿನವರು. ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕು ಎಂದು ಸಂವಿಧಾನ ಹೇಳುತ್ತದೆ, ಆದರೆ ಅದು ಕಡ್ಡಾಯ ಮಾಡಿದ್ದು 3 ಲಕ್ಷ ಜನಸಂಖ್ಯೆ ಮುಟ್ಟಿದ ಕಡೆ. ಮಲೇಬೆನ್ನೂರಿನಂಥ ಊರು ಗ್ರಾಮಸಭೆಗೆ ದೊಡ್ಡದಾಯಿತು, ವಾರ್ಡ್ ಸಮಿತಿಗೆ ಚಿಕ್ಕದಾಯಿತು.

ಗೆದ್ದ ಸದಸ್ಯರಿಗಾದರೂ ಅಧಿಕಾರ ಇದೆಯೇ? ರಾಜ್ಯದ ಹಲವು ಪುರಸಭೆ, ನಗರಸಭೆಗಳಲ್ಲಿ 2018ರಲ್ಲಿ ಗೆದ್ದವರು ಅಧ್ಯಕ್ಷರ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋದ್ದರಿಂದ 2020ರ ನವೆಂಬರ್‌ವರೆಗೆ ಕಾಯಬೇಕಾಯಿತು.

ಪಟ್ಟಣವಾಗದೆ ಪಂಚಾಯಿತಿಯಾಗಿಯೇ ಉಳಿದ ಹಳ್ಳಿಗಳ ಸ್ಥಿತಿಯೂ ಪೂರ್ತಿ ಅವರ ಕೈಯಲ್ಲಿಲ್ಲ. ದಾವಣಗೆರೆ, ಹರಿಹರದ ಅಕ್ಕಪಕ್ಕದ ಹಳ್ಳಿಗಳಲ್ಲಿ ಹೊಲ ಲೇಔಟ್ ಆಗುವಾಗ ನಕ್ಷೆ ಒಪ್ಪುವುದು ದೂಡಾ, ಅಂದರೆ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ. ಅದರ ಅಧ್ಯಕ್ಷರನ್ನು ಸರ್ಕಾರ ನೇಮಿಸುತ್ತದೆ, ನಾವು ನೀವು ಓಟು ಹಾಕುವುದಿಲ್ಲ. ಮುಂದೆ ಆ ಲೇಔಟಿನ ಚರಂಡಿ ನೀರು ಹಳ್ಳಕ್ಕೆ ಬಂದಾಗ ಜನ ಬಂದು ಬೈಯುವುದು ಪಂಚಾಯಿತಿ ಮೆಂಬರನ್ನು.

ನೀರಿನದೂ ಇದೇ ಕಥೆ. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು 186 ಅಡಿ ತುಂಬಿದರೆ 71.5 ಟಿಎಂಸಿ. ನಾಲೆಯ ತುದಿಯಲ್ಲಿರುವ ನಮ್ಮ ಹರಿಹರ, ದಾವಣಗೆರೆ ತಾಲ್ಲೂಕಿನ ಗದ್ದೆಗೆ ಎಷ್ಟು ದಿನ ನೀರು ಎಂಬುದನ್ನು ನೀರಾವರಿ ಸಲಹಾ ಸಮಿತಿ ನಿಶ್ಚಯಿಸುತ್ತದೆ. ತಲೆಭಾಗದವರು ಒಂದು ಜಿಲ್ಲೆ, ಕೊನೆಭಾಗದವರು ಇನ್ನೊಂದು ಜಿಲ್ಲೆ. ಬೇಸಿಗೆ ಬೆಳೆಗೆ ನೀರು ಸಾಲದಾದಾಗ ರಸ್ತೆಗೆ ಬಂದು ಕೂರುವವರು ಯಾವಾಗಲೂ ಕೊನೆಭಾಗದ ರೈತರೇ. ನೀರಗಂಟಿಯ ಕಾಲದಲ್ಲಿ ಕೆರೆಯ ನೀರಿಗೆ ಊರೇ ಗಡಿಯಾಗಿತ್ತು, ಜಗಳವೂ ಊರೊಳಗೇ ಮುಗಿಯುತ್ತಿತ್ತು. ನಾಲೆಯ ನೀರಿಗೆ ನಾಲ್ಕೈದು ತಾಲ್ಲೂಕು ದಾಟಬೇಕು, ಆ ಜಗಳ ಬಗೆಹರಿಸುವ ಅಧಿಕಾರ ಯಾವ ಪಂಚಾಯಿತಿಗೂ ಇಲ್ಲ.

ಖಾಲಿ ಕುರ್ಚಿ

ತಾಲ್ಲೂಕು, ಜಿಲ್ಲೆಯ ಮಟ್ಟದಲ್ಲಿ ಇಂಥದ್ದನ್ನು ಮಾತಾಡಲೆಂದೇ ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ ಇರುವುದು. ಅವುಗಳಿಗೆ 2016ರ ಫೆಬ್ರುವರಿಯಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿಯಿತು. ಚುನಾವಣೆ ಹತ್ತಿರ ಬಂದಿದ್ದಾಗಲೇ ಸರ್ಕಾರ ಕಾಯ್ದೆ ತಿದ್ದಿ, ಕ್ಷೇತ್ರ ವಿಂಗಡಿಸುವ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟಿತು. ಮತ್ತೆ ಗೆರೆ ಎಳೆಯುವ ಕೆಲಸ. 2022 ಹೋಯಿತು, 2023 ಹೋಯಿತು, 2024 ಹೋಯಿತು. ಪಕ್ಷ ಬದಲಾಯಿತು, ಸರ್ಕಾರ ಬದಲಾಯಿತು, ಕುರ್ಚಿಯಲ್ಲಿ ಆಡಳಿತಾಧಿಕಾರಿಯೇ ಇದ್ದರು. 243ಇ ವಿಧಿ ಬರೆದದ್ದು ಯಾವ ಕಾಯಿಲೆಗೋ ಅದೇ ಕಾಯಿಲೆ.

ಸುದ್ದಿಗೆ ಅಲೆಯುವ ನಮಗೆ ಇದರ ಬಿಸಿ ದಿನಾ ತಾಗಿದೆ. ಮೊದಲು ಶಾಲೆಯ ಕೊಠಡಿ ಸೋರುತ್ತಿದ್ದರೆ ಜಿಲ್ಲಾ ಪಂಚಾಯಿತಿ ಸದಸ್ಯರ ಮನೆ ಬಾಗಿಲಿಗೆ ಜನ ಹೋಗುತ್ತಿದ್ದರು, ಸಿಗದಿದ್ದರೆ ಸಂತೆಯಲ್ಲಿ ಹಿಡಿದು ಕೇಳುತ್ತಿದ್ದರು. ಆಮೇಲೆ ಉಳಿದದ್ದು ಶಾಸಕರ ಮನೆ, ಅಲ್ಲಿ ಕ್ಯೂ. ಇಲ್ಲದಿದ್ದರೆ ಕಚೇರಿ. ಅಲ್ಲಿ 'ಸಾಹೇಬ್ರು ಮೀಟಿಂಗಲ್ಲಿದ್ದಾರೆ'.

ಗ್ರಾಮಸಭೆ ಮಾತ್ರ ಕಾಯ್ದೆಯಲ್ಲಿ ಹಾಗೇ ಇದೆ. ಆರು ತಿಂಗಳಿಗೆ ಒಮ್ಮೆಯಾದರೂ ಕರೆಯಬೇಕು. ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಜನ ಸೇರಬೇಕು. ನಾವು ವರದಿಗೆ ಹೋದ ಕೆಲವು ಸಭೆಗಳಲ್ಲಿ ಪೆಂಡಾಲು ಇತ್ತು, ಮೈಕು ಇತ್ತು, ಕೃಷಿ ಇಲಾಖೆಯವರು ಬಂದಿದ್ದರು, ಜನ ಮಾತ್ರ 40ರ ಮೇಲಿರಲಿಲ್ಲ. ಹಾಜರಿ ಪುಸ್ತಕ ಆಮೇಲೆ ಮನೆ ಮನೆಗೆ ಹೋಗಿ ಬಂತು. ನಿಮ್ಮ ಪಂಚಾಯಿತಿಯಲ್ಲಿ ಹಿಂದಿನ ಗ್ರಾಮಸಭೆ ಯಾವತ್ತು ನಡೆಯಿತು, ನಡಾವಳಿಯಲ್ಲಿ ಎಷ್ಟು ಸಹಿ ಇವೆ ಎಂದು ಒಮ್ಮೆ ಪಿಡಿಒ ಬಳಿ ಕೇಳಿ ನೋಡಿ. ನಡಾವಳಿ ಪುಸ್ತಕ ತೋರಿಸಿ ಎನ್ನಲು ಯಾರ ಪರಿಚಯವೂ ಬೇಡ, ನೀವು ಆ ಸಭೆಯ ಸದಸ್ಯರು.